ತೋಟ ಆರಿಸುವ ಮುನ್ನ ಯಾವ ಸೇಬು ಹಣ್ಣಾಗಿದೆ ಎಂದು ಕೇಳಿ

ಸೆಪ್ಟೆಂಬರ್ ಬಂತೆಂದರೆ ಬಾಸ್ಟನ್ ಸುತ್ತಮುತ್ತಲಿನ ನಮ್ಮ ಕನ್ನಡಿಗರ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ಈ ಸಲ ಸೇಬು ಕೀಳಲು ಯಾವ ತೋಟಕ್ಕೆ ಹೋಗೋಣ? ಒಬ್ಬರು ಬಿಸಿ ಡೋನಟ್ ಸಿಗುವ ತೋಟದ ಹೆಸರು ಹೇಳುತ್ತಾರೆ. ಇನ್ನೊಬ್ಬರು ಟ್ರ್ಯಾಕ್ಟರ್ ಸವಾರಿ ಇರುವ ಕಡೆ ಹೋಗಿ ಎನ್ನುತ್ತಾರೆ. ಮತ್ತೊಬ್ಬರಿಗೆ ಫೋಟೊ ಚೆನ್ನಾಗಿ ಬರುವ ಗುಡ್ಡ ಮುಖ್ಯ. ಇಷ್ಟೆಲ್ಲ ಮಾತಿನಲ್ಲಿ ಸೇಬಿನ ಸುದ್ದಿಯೇ ಇರುವುದಿಲ್ಲ. ನನಗೆ ಇದು ಪ್ರತಿ ವರ್ಷವೂ ಬೇಸರ ತರುತ್ತದೆ. ತೋಟವನ್ನು ಆರಿಸಬೇಕಾದದ್ದು ಆ ವಾರ ಅಲ್ಲಿ ಯಾವ ತಳಿ ಹಣ್ಣಾಗಿದೆ ಎಂಬುದನ್ನು ನೋಡಿ. ಉಳಿದದ್ದೆಲ್ಲ ಆಮೇಲಿನ ಮಾತು.

ಮಾವಿನ ವಿಷಯದಲ್ಲಿ ನಾವು ಹೀಗಿಲ್ಲವಲ್ಲ. ರಸಪುರಿ ಯಾವಾಗ, ಬಾದಾಮಿ ಯಾವಾಗ, ಮಲ್ಲಿಕಾಗೆ ಇನ್ನೆಷ್ಟು ದಿನ ಕಾಯಬೇಕು, ನೀಲಂ ಬಂತೆಂದರೆ ಕಾಲ ಮುಗಿಯಿತು ಎಂಬ ಲೆಕ್ಕ ಊರಿನಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಸೇಬಿಗೂ ಅಂಥದ್ದೇ ಲೆಕ್ಕವಿದೆ, ಅದನ್ನು ಕಲಿಯುವುದು ಕಷ್ಟವೂ ಅಲ್ಲ.

ಮ್ಯಾಸಚೂಸೆಟ್ಸ್‌ನಲ್ಲಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಮ್ಯಾಕಿಂಟಾಷ್ ಬರುತ್ತದೆ. 1811ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಜಾನ್ ಮ್ಯಾಕಿಂಟಾಷ್ ಎಂಬ ರೈತನ ಜಮೀನಿನಲ್ಲಿ ತಾನಾಗಿ ಸಿಕ್ಕ ಗಿಡದಿಂದ ಬಂದ ತಳಿ ಅದು. ಬೆಳ್ಳನೆಯ ತಿರುಳು, ತುಂಬಾ ರಸ, ಆದರೆ ಬೇಗ ಮೆತ್ತಗಾಗುತ್ತದೆ. ಹೆಚ್ಚುಕಡಿಮೆ ಅದೇ ಸಮಯಕ್ಕೆ ಹನಿಕ್ರಿಸ್ಪ್ ಕೂಡ ಹಣ್ಣಾಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯ ಇದನ್ನು ಬಿಡುಗಡೆ ಮಾಡಿದ್ದು 1991ರಲ್ಲಿ. ಜನ ಮುಗಿಬೀಳುವುದು ಇದಕ್ಕೇ, ಹಾಗಾಗಿ ಹೆಸರುವಾಸಿ ತೋಟಗಳಲ್ಲಿ ಇದರ ಸಾಲುಗಳು ಬೇಗ ಬರಿದಾಗುತ್ತವೆ. ಸೆಪ್ಟೆಂಬರ್ ಕೊನೆಗೆ ಕಾರ್ಟ್‌ಲ್ಯಾಂಡ್. ಹೆಚ್ಚಿಟ್ಟರೂ ಬೇಗ ಕಂದುಬಣ್ಣಕ್ಕೆ ತಿರುಗದ ಹಣ್ಣು ಅದು, ಮಕ್ಕಳ ಊಟದ ಡಬ್ಬಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಅದರ ಬೆನ್ನಿಗೇ ಮಕೌನ್. ಈ ಎರಡೂ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಮ್ಯಾಕಿಂಟಾಷ್ ಜೊತೆ ಬೇರೆ ತಳಿ ಕೂಡಿಸಿ ಮಾಡಿದವು.

ನನ್ನ ಪಕ್ಷಪಾತ ಮಕೌನ್ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಮರದ ಮೇಲಿರುವಾಗ ಅದರ ಕಡುಗೆಂಪು ಸಿಪ್ಪೆಯ ಮೇಲೆ ನೀಲಿಯ ಛಾಯೆಯ ಮಬ್ಬು ಇರುತ್ತದೆ. ಹಣ್ಣೇ ಹೊರಸೂಸುವ ಮೇಣದ ಪದರ ಅದು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರೆ ಆ ಜಾಗವಷ್ಟೇ ಫಳಫಳ ಹೊಳೆಯುತ್ತದೆ. ಕಚ್ಚಿದರೆ ತಿರುಳು ಹಿಮದಷ್ಟು ಬೆಳ್ಳಗೆ, ಮೊದಲು ಸಿಹಿ, ಹಿಂದೆಯೇ ಸಣ್ಣದೊಂದು ಹುಳಿ. ಅಂಗಡಿಯಲ್ಲಿ ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹಣ್ಣಾದ ಮೇಲೆ ಮರದಲ್ಲಿ ಹೆಚ್ಚು ದಿನ ನಿಲ್ಲದೆ ಉದುರಿಬಿಡುತ್ತದೆ. ಇಂಥ ಹಣ್ಣಿಗಾಗಿ ಒಂದು ಗಂಟೆ ಕಾರು ಓಡಿಸುವುದಕ್ಕೆ ಅರ್ಥವಿದೆ. ಅಂಗಡಿಯಲ್ಲಿ ವರ್ಷಪೂರ್ತಿ ಸಿಗುವ ಗಾಲಾ ಹಣ್ಣಿಗಾಗಿ ಏಕೆ ಹೋಗಬೇಕು?

ಅಕ್ಟೋಬರ್ ಮಧ್ಯದ ನಂತರ ಹೋಗುವವರಿಗೆ ಇನ್ನೂ ದೊಡ್ಡ ಭಾಗ್ಯವಿದೆ. ನಾವು ಆರೆಂಜ್ ಲೈನ್ ರೈಲಿನಲ್ಲಿ ರಾಕ್ಸ್‌ಬರಿ ಕ್ರಾಸಿಂಗ್ ದಾಟಿ ಓಡಾಡುತ್ತೇವಲ್ಲ, ಹದಿನೇಳನೇ ಶತಮಾನದಲ್ಲಿ ಅದೇ ರಾಕ್ಸ್‌ಬರಿಯಲ್ಲಿ ಹುಟ್ಟಿದ್ದು ರಾಕ್ಸ್‌ಬರಿ ರಸೆಟ್. ಅಮೆರಿಕದಲ್ಲೇ ಹುಟ್ಟಿದ ಸೇಬಿನ ತಳಿಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದದ್ದು. ಸಿಪ್ಪೆ ಒರಟು, ಬಣ್ಣ ಮಣ್ಣಿನದು, ನೋಡಿದರೆ ಯಾರೂ ಕೈಹಾಕುವುದಿಲ್ಲ. ರುಚಿ ನೋಡಿದವರು ಬಿಡುವುದಿಲ್ಲ. ಬಾಲ್ಡ್‌ವಿನ್ ಹುಟ್ಟಿದ್ದು 1740ರ ಸುಮಾರಿಗೆ ಇಲ್ಲೇ ವಿಲ್ಮಿಂಗ್ಟನ್‌ನಲ್ಲಿ. ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್ ಸೇರಿದ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳು) ಪೂರ್ತಿ ಒಂದು ಕಾಲಕ್ಕೆ ಬಾಲ್ಡ್‌ವಿನ್ ತೋಟಗಳೇ ಇದ್ದವು. 1933–34ರ ಭೀಕರ ಚಳಿಗಾಲದಲ್ಲಿ ಆ ಮರಗಳು ಲೆಕ್ಕವಿಲ್ಲದಷ್ಟು ಸತ್ತವು, ಆ ಜಾಗಕ್ಕೆ ಚಳಿ ತಾಳಬಲ್ಲ ಮ್ಯಾಕಿಂಟಾಷ್ ಬಂತು. ಈ ಹಳೆಯ ತಳಿಗಳ ನಾಲ್ಕಾದರೂ ಮರಗಳನ್ನು ಇಂದಿಗೂ ಉಳಿಸಿಕೊಂಡಿರುವ ತೋಟ ಸಿಕ್ಕರೆ ಕಣ್ಣುಮುಚ್ಚಿ ಅಲ್ಲಿಗೇ ಹೋಗಿ. ಲಾಭಕ್ಕಿಂತ ಪ್ರೀತಿಯಿಂದ ಉಳಿಸಿಕೊಂಡ ಮರಗಳು ಅವು. ಕೀಳಲು ಅಲ್ಲದಿದ್ದರೂ ಬರೀ ನೋಡಲು ಬಾಯ್ಲ್‌ಸ್ಟನ್‌ನ ಟವರ್ ಹಿಲ್ ಸಸ್ಯೋದ್ಯಾನಕ್ಕೆ ಹೋಗಬಹುದು. ಇಪ್ಪತ್ತನೇ ಶತಮಾನಕ್ಕಿಂತ ಹಿಂದಿನ ನೂರಕ್ಕೂ ಹೆಚ್ಚು ತಳಿಗಳ ಸಂಗ್ರಹ ಅಲ್ಲಿದೆ.

ತೋಟಗಳಿಗೇನೂ ಕೊರತೆಯಿಲ್ಲ. 495 ಹೆದ್ದಾರಿಯ ಆಸುಪಾಸಿನ ಸ್ಟೋ, ಬೋಲ್ಟನ್, ಹಾರ್ವರ್ಡ್ (ವಿಶ್ವವಿದ್ಯಾಲಯವಲ್ಲ, ಆ ಹೆಸರಿನ ಊರು) ಎಲ್ಲವೂ ಸೇಬಿನ ಸೀಮೆಯೇ. ಸಮುದ್ರವನ್ನೂ ನೋಡಬೇಕೆನ್ನುವವರಿಗೆ ಇಪ್ಸ್‌ವಿಚ್‌ನ ರಸೆಲ್ ಆರ್ಚರ್ಡ್ಸ್ ಇದೆ, ಕ್ರೇನ್ ಬೀಚ್ ಪಕ್ಕದಲ್ಲೇ. ಜನಜಂಗುಳಿಯಿಂದ ದೂರ ಹೋಗಬೇಕೆಂದರೆ ರೂಟ್ 2ರಲ್ಲಿ ಪಶ್ಚಿಮಕ್ಕೆ ಫಿಲಿಪ್‌ಸ್ಟನ್‌ನವರೆಗೆ ಹೋಗಿ, ರೆಡ್ ಆಪಲ್ ಫಾರ್ಮ್‌ನಲ್ಲಿ ಹಳೆಯದು ಹೊಸದು ಸೇರಿ ಬಗೆಬಗೆಯ ತಳಿಗಳಿವೆ. ಎಲ್ಲಿಗೇ ಹೋದರೂ ಹೊರಡುವ ಬೆಳಿಗ್ಗೆ ತೋಟದ ಜಾಲತಾಣ ನೋಡಿ ಅಥವಾ ಫೋನ್ ಮಾಡಿ ಕೇಳಿ. ಕಳೆದ ವರ್ಷ ಇದ್ದದ್ದು ಈ ವರ್ಷವೂ ಇರುತ್ತದೆಂದು ಎಣಿಸಬೇಡಿ. 2023ರ ಮೇ 18ರ ಒಂದೇ ರಾತ್ರಿಯ ಹೆಪ್ಪುಗಟ್ಟಿಸುವ ಚಳಿ ನ್ಯೂ ಇಂಗ್ಲೆಂಡಿನ ಎಷ್ಟೋ ತೋಟಗಳ ಎಳೆಗಾಯಿಗಳನ್ನು ಸುಟ್ಟುಹಾಕಿತು. ವಾರಾಂತ್ಯಕ್ಕೆ ಮುಂಗಡ ಟಿಕೆಟ್ ಕಡ್ಡಾಯ ಮಾಡಿರುವ ತೋಟಗಳೂ ಇವೆ.

ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದಿದ್ದರೆ ಇನ್ನೊಂದು ವಿಚಾರವನ್ನೂ ಕೇಳಿ ತಿಳಿದುಕೊಳ್ಳಿ: ಮರಗಳು ಗಿಡ್ಡವೇ, ನೆಲ ಸಮತಟ್ಟಾಗಿದೆಯೇ? ಈಗಿನ ಹೊಸ ತೋಟಗಳಲ್ಲಿ ಮರವನ್ನು ಗಿಡ್ಡವಾಗಿಯೇ ಇಡುವ ಬೇರುಕಾಂಡದ (ಕಸಿಗೆ ಬುಡವಾಗುವ ಗಿಡ) ಮೇಲೆ ಕಸಿ ಕಟ್ಟಿದ ಮರಗಳಿರುತ್ತವೆ. ತಂತಿಗೆ ಆನಿಸಿ ಸಾಲಾಗಿ ನಿಲ್ಲಿಸಿರುತ್ತಾರೆ. ಐದು ವರ್ಷದ ಮಗುವಿಗೂ ಮಂಡಿನೋವಿರುವ ಅಜ್ಜಿಗೂ ನಿಂತಲ್ಲೇ ಹಣ್ಣು ಕೈಗೆಟುಕುತ್ತದೆ. ಹಳೆಯ ದೊಡ್ಡ ಮರಗಳ ಗುಡ್ಡದ ತೋಟ ಕಣ್ಣಿಗೆ ಸೊಗಸು, ಆದರೆ ಹಿರಿಯರು ಕೆಳಗೆ ಬೆಂಚಿನ ಮೇಲೆ ಚೀಲ ಕಾಯುತ್ತಾ ಕುಳಿತಿರಬೇಕಾಗುತ್ತದೆ. ಅವರಿಗೆ ವಾರದ ಎಲ್ಲ ದಿನವೂ ಬಿಡುವೇ. ನೀವು ಒಂದು ದಿನ ರಜೆ ಹಾಕಿ ಮಂಗಳವಾರವೋ ಬುಧವಾರವೋ ಕರೆದುಕೊಂಡು ಹೋಗಿ. ಅಕ್ಟೋಬರ್ ಎರಡನೇ ಸೋಮವಾರದ ರಜೆ ಕೂಡಿಬರುವ ಆ ಉದ್ದನೆಯ ವಾರಾಂತ್ಯದಲ್ಲಂತೂ ಖಂಡಿತ ಬೇಡ.

ಔಷಧಿ ಹೊಡೆಯದ ತೋಟ ಯಾವುದು ಎಂದು ಹಲವರು ಕೇಳುತ್ತಾರೆ. ಇಲ್ಲಿಯ ತೇವದ ಬೇಸಿಗೆಯಲ್ಲಿ ಸಿಪ್ಪೆಗೆ ಕಜ್ಜಿ ತರುವ ಶಿಲೀಂಧ್ರವೂ ಕಾಯಿ ಕೊರೆಯುವ ಕೀಟಗಳೂ ವಿಪರೀತ, ಪೂರ್ತಿ ಸಾವಯವದಲ್ಲಿ ಸೇಬು ಬೆಳೆಯುವವರು ಬಹಳ ಕಡಿಮೆ. ಕೀಟಗಳ ಮೇಲೆ ಕಣ್ಣಿಟ್ಟು, ಬೇಕಾದಾಗ ಬೇಕಾದಷ್ಟೇ ಸಿಂಪಡಿಸುವ ತೋಟಗಳು ಸಾಕಷ್ಟಿವೆ. ಕೇಳಿದರೆ ಬೆಳೆಗಾರರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ತೊಳೆದು ತಿನ್ನಿ, ನೆಲಕ್ಕೆ ಬಿದ್ದದ್ದನ್ನು ಎತ್ತಿಕೊಳ್ಳಬೇಡಿ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ತೋಟದಲ್ಲಿ ನಮ್ಮವರದೇ ಗುಂಪೊಂದು ಸಾಲುದ್ದಕ್ಕೂ ಹಣ್ಣು ಕಿತ್ತು, ಒಂದೊಂದು ಕಚ್ಚು ಕಚ್ಚಿ ಎಸೆಯುತ್ತಾ ಹೋಗುವುದನ್ನು ನೋಡಿದೆ. ಹುಡುಗನೊಬ್ಬ ಕೊಂಬೆ ಹಿಡಿದು ಜೋತಾಡುತ್ತಿದ್ದರೆ ದೊಡ್ಡವರು ವಿಡಿಯೊ ಮಾಡುತ್ತಿದ್ದರು. ಸೇಬಿನ ತೊಟ್ಟು ಕೂಡಿಕೊಳ್ಳುವ ಕಡೆ ಗಂಟುಗಂಟಾದ ಗಿಡ್ಡ ಕವಲೊಂದು ಇರುತ್ತದೆ, ಮುಂದಿನ ವರ್ಷದ ಹೂಮೊಗ್ಗು ಅಲ್ಲೇ ಕುಳಿತಿರುತ್ತದೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟು ಸಲೀಸಾಗಿ ಬಿಡುತ್ತದೆ. ಜಗ್ಗಿದರೆ ಕವಲೇ ಮುರಿದು ಬರುತ್ತದೆ, ಬರುವ ವರ್ಷದ ಹಣ್ಣೂ ಅದರ ಜೊತೆಗೇ ಹೋಗುತ್ತದೆ. ಇಲ್ಲಿಯ ಎಷ್ಟೋ ತೋಟಗಳಲ್ಲಿ ಮಾರುಕಟ್ಟೆಗೆ ಹೋಗುವ ಹಣ್ಣನ್ನು ಕೀಳುವವರು ಜಮೈಕಾದಿಂದ ತಾತ್ಕಾಲಿಕ ವೀಸಾದಲ್ಲಿ ಬರುವ ಕೆಲಸಗಾರರು. ಎರಡನೇ ಮಹಾಯುದ್ಧದ ಕಾಲದಿಂದ ನಡೆದುಬಂದ ಪದ್ಧತಿ. ಮನೆಮಠ ಬಿಟ್ಟು ತಿಂಗಳುಗಟ್ಟಲೆ ದುಡಿಯುವ ಅವರು ಒಂದು ಹಣ್ಣಿಗೂ ಪೆಟ್ಟಾಗದಂತೆ ಕೀಳುತ್ತಾರೆ. ಅವರ ಕಣ್ಣೆದುರು ಹಣ್ಣು ಎಸೆದಾಡುವುದು ನನಗೆ ಸಹಿಸಲಾಗದ ವಿಷಯ.

ಕಿತ್ತ ಹಣ್ಣು ತುಂಬಿಕೊಳ್ಳಲು ತೋಟದವರು ಮಾರುವ ಚೀಲವನ್ನು ಚಿಕ್ಕದೇ ಕೊಳ್ಳಿ. ಒಂದು ಪೆಕ್ ಎಂದರೆ ಸುಮಾರು ಐದು ಕಿಲೋ, ನಾಲ್ಕು ಜನರ ಮನೆಗೆ ಧಾರಾಳ. ಮ್ಯಾಕಿಂಟಾಷ್ ಮೊದಲು ಮುಗಿಸಿ, ಬೆಂದರೆ ಕರಗಿಹೋಗುವ ಅದು ಕೇಸರಿಬಾತ್‌ಗೆ ಬಲು ಚೆನ್ನ. ಗೊಜ್ಜಿಗೆ ಗಟ್ಟಿ ಹುಳಿಯ ನಾರ್ದರ್ನ್ ಸ್ಪೈ ಬೇಕು, ಅದಕ್ಕೆ ಇನ್ನೂ ಸ್ವಲ್ಪ ದಿನ ಕಾಯಬೇಕು. ಈಗ ಅಕ್ಟೋಬರ್ ಮೊದಲ ವಾರ. ಈ ವಾರ ಹೊರಡುವವರು ಮಕೌನ್ ಇರುವ ತೋಟ ಹುಡುಕಿ, ಬರುವ ವಾರಕ್ಕೆಂದು ಮುಂದೂಡಿದರೆ ಅರ್ಧ ಹಣ್ಣು ನೆಲದ ಮೇಲಿರುತ್ತದೆ.