ಫ್ರಿಜ್ಜಿನ ಸ್ಟೆಬಿಲೈಜರ್ ಮತ್ತು ಅಕ್ಕನ ನೀಲಿ ಸೀರೆ

ಹಳೇ ಹೋಮ್ ಕಂಪ್ಯೂಟರುಗಳ ಮಾತು ಬಂದರೆ, ಫೋಟೋನ ಕಂಪ್ಯೂಟರ್ ಒಳಗೆ ಹಾಕೋ ಡಬ್ಬಿ, ಅಂದರೆ ಡಿಜಿಟೈಜರ್, ಯಾವುದು ಚೆನ್ನಾಗಿತ್ತು ಅಂತ ಎಲ್ಲರೂ ಜಗಳ ಆಡ್ತಾರೆ. ನನ್ನ ಕೇಳಿದರೆ ಡಬ್ಬಿ ಯಾವುದಾದರೂ ಆಗಲಿ, ದುಡ್ಡು ಸುರೀಬೇಕಿದ್ದದ್ದು ಕ್ಯಾಮೆರಾ, ಸ್ಟ್ಯಾಂಡು, ಬಲ್ಬಿಗೆ. ಅದರಲ್ಲೂ ಬಲ್ಬಿಗೆ.

1989ರಲ್ಲಿ ನಮ್ಮ ಭಾವ ಜರ್ಮನಿಯಿಂದ ಅಮಿಗಾ 500 ಅನ್ನೋ ಹೋಮ್ ಕಂಪ್ಯೂಟರ್ ತಂದ್ರು. ಜೊತೆಗೆ ನ್ಯೂಟೆಕ್‌ ಕಂಪನಿಯವರ ಡಿಜಿ-ವ್ಯೂ ಡಿಜಿಟೈಜರ್. ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸೋ ಪುಟ್ಟ ಡಬ್ಬಿ, ಕೆಂಪು-ಹಸಿರು-ನೀಲಿ ಹಾಳೆ ಕೂರಿಸಿದ ಒಂದು ಚಕ್ರ. ‘ಕ್ಯಾಮೆರಾ ನೀನೇ ಹುಡುಕ್ಕೋಬೇಕು ಕಣೋ’ ಅಂದ್ರು ಭಾವ.

ಇದಕ್ಕೆ ಬೇಕಾಗಿದ್ದು ಕಪ್ಪು-ಬಿಳುಪು ವಿಡಿಯೋ ಕ್ಯಾಮೆರಾ. ಬಣ್ಣದ ಫೋಟೋನೂ ಅದರಲ್ಲೇ ತೆಗೀಬೇಕು. ಲೆನ್ಸಿನ ಮುಂದೆ ಕೆಂಪು ಇಟ್ಟು ಒಂದು ಸಲ, ಹಸಿರು ಇಟ್ಟು ಇನ್ನೊಂದು ಸಲ, ನೀಲಿ ಇಟ್ಟು ಮತ್ತೊಂದು ಸಲ. ಮೂರನ್ನೂ ಸೇರಿಸಿ ಕಂಪ್ಯೂಟರು ಬಣ್ಣದ ಚಿತ್ರ ಮಾಡ್ತಿತ್ತು. ಒಂದೊಂದು ಸಲಕ್ಕೂ ಎಷ್ಟೋ ಸೆಕೆಂಡು. ಅಷ್ಟು ಹೊತ್ತು ಟೇಬಲ್ಲು ಅಲ್ಲಾಡಬಾರದು. ಹ್ಯಾಮ್ ಅಂತ ಅಮಿಗಾದಲ್ಲಿದ್ದ ಹೆಚ್ಚು ಬಣ್ಣ ತೋರಿಸೋ ಮೋಡಿನಲ್ಲಿ 4096 ಬಣ್ಣ, ಅಗಲ 320 ಚುಕ್ಕಿ, ಎತ್ತರ 256. ಲೆಕ್ಕ ಹಾಕಿದರೆ ಚಿತ್ರಕ್ಕೆ 60 ಕೆಬಿ, ಕುಗ್ಗಿಸದೆ ಇಟ್ಟರೆ 880 ಕೆಬಿ ಫ್ಲಾಪಿಗೆ ಹದಿನಾಲ್ಕು. ಈಗ ವಾಟ್ಸಾಪಿನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಅದಕ್ಕಿಂತ ದಪ್ಪ ಇರುತ್ತೆ.

ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾವಲು ಕ್ಯಾಮೆರಾ ಅಗ್ಗಕ್ಕೆ ಸಿಕ್ತು. ತಂದು ಹಚ್ಚಿದರೆ ಮುಖದ ಅಂಚೆಲ್ಲ ಗರಗಸ. ಆಮೇಲೆ ಗೊತ್ತಾಯ್ತು, ಅಗ್ಗದ ಕ್ಯಾಮೆರಾಗಳಲ್ಲಿ ವಿಡಿಯೋ ಚಿತ್ರದ ಸಮ ಗೆರೆ, ಬೆಸ ಗೆರೆ ಒಂದರ ಮಧ್ಯೆ ಒಂದು ಸರಿಯಾಗಿ ಕೂರೋದಿಲ್ಲ. ಹಾಗೆ ಸರಿಯಾಗಿ ಕೂರೋದಕ್ಕೆ 2:1 ಇಂಟರ್ಲೇಸ್ ಅಂತಾರೆ, ಅದು ಸ್ಪಷ್ಟವಾಗಿ ಬರೆದಿರೋದನ್ನೇ ತಗೋಬೇಕಿತ್ತು. ವಾಪಸ್ ಕೊಡೋಕೆ ಹೋದರೆ ಅಂಗಡಿಯವನಿಗೆ ನನ್ನ ಗುರುತೇ ಹತ್ತಲಿಲ್ಲ! ಎರಡನೇ ಕ್ಯಾಮೆರಾಗೆ ಟ್ಯೂಷನ್ ಹೇಳಿದ ನಾಲ್ಕು ತಿಂಗಳ ದುಡ್ಡು ಹೋಯ್ತು.

ಸ್ಟ್ಯಾಂಡಿನ ವಿಷಯದಲ್ಲಿ ಮಾತ್ರ ಅದೃಷ್ಟ ಇತ್ತು. ಚಾಮರಾಜಪೇಟೆಯ ಸ್ಟುಡಿಯೋದವರೊಬ್ಬರು ಕೆಟ್ಟುಹೋದ ಎನ್ಲಾರ್ಜರಿನ (ನೆಗೆಟಿವ್‌ನಿಂದ ಫೋಟೋ ದೊಡ್ಡದು ಮಾಡೋ ಯಂತ್ರ) ಕಂಬ, ಹಲಗೆ ಹಾಗೇ ಕೊಟ್ಟರು. ತಲೆ ತೆಗೆದು ಕ್ಯಾಮೆರಾ ಕೂರಿಸಿದರೆ ಕಲ್ಲಿನ ಹಾಗೆ ನಿಂತಿತು.

ಇನ್ನು ಬೆಳಕು. ಟ್ಯೂಬ್‌ಲೈಟಲ್ಲಿ ತೆಗೆದರೆ ಚಿತ್ರದ ತುಂಬ ಪಟ್ಟೆ. ಕಿಟಕಿ ಪಕ್ಕ ಇಟ್ಟರೆ ನಮ್ಮೂರ ಜೂನ್ ತಿಂಗಳ ಮೋಡ: ಕೆಂಪಿಗೆ ಬಿಸಿಲು, ಹಸಿರಿಗೆ ನೆರಳು, ಇಡೀ ಕುಟುಂಬಕ್ಕೆ ಕುಂಕುಮ ಎರಚಿದ ಹಾಗೆ. ಕೊನೆಗೆ ಎರಡು ಕಡೆಯಿಂದ ಓರೆಯಾಗಿ ನೂರು ವಾಟಿನ ಎರಡು ಬಲ್ಬು. ನೇರ ಇಟ್ಟರೆ ಫೋಟೋದ ಹೊಳಪು ಕಣ್ಣು ಕುಕ್ಕುತ್ತೆ. ಬಲ್ಬಿನ ಬೆಳಕಿನಲ್ಲಿ ನೀಲಿ ಮೊದಲೇ ಕಮ್ಮಿ, ಹಾಗಾಗಿ ನೀಲಿ ಸರದಿಯಲ್ಲಿ ಲೆನ್ಸು ಸ್ವಲ್ಪ ಹೆಚ್ಚು ತೆರೀಬೇಕು.

ಅಕ್ಕನ ಆರತಕ್ಷತೆ ಫೋಟೋ ಇಟ್ಟಿದ್ದೆ. ಕಡುನೀಲಿ ಮೈಸೂರು ಸಿಲ್ಕ್. ಕೆಂಪು ಆಯ್ತು, ಹಸಿರು ಆಯ್ತು. ನೀಲಿ ಚಕ್ರ ತಿರುಗಿಸಿದ್ದೇ ತಡ, ಪಕ್ಕದ ಮನೆಯವರು ಬೋರ್‌ವೆಲ್ ಮೋಟಾರು ಹಾಕಿದರು. ಬಲ್ಬು ಮಂಕಾಯ್ತು. ತೆರೆಯ ಮೇಲೆ ಭಾವ ಕಾಮಾಲೆ ಬಂದವರ ಹಾಗೆ, ಅಕ್ಕನ ಸೀರೆ ಕಾಡಿಗೆ ಕಪ್ಪು.

ಮಾರನೇ ದಿನ ಫ್ರಿಜ್ಜಿನ ಸ್ಟೆಬಿಲೈಜರ್ ಬಿಚ್ಚಿ ಬಲ್ಬುಗಳಿಗೆ ಹಾಕಿದೆ. ಸಾಯಂಕಾಲದ ಹೊತ್ತಿಗೆ ಹಾಲು ಒಡೆದಿತ್ತು. ಅಮ್ಮ ಬೈದದ್ದು ಬೀದಿ ಕೊನೆವರೆಗೂ ಕೇಳಿಸ್ತು. ಆದರೆ ಸೀರೆ ನೀಲಿ ಬಂತು.

ಆಮೇಲೆ ಪಿಸಿ ತಗೊಂಡಾಗ ಕೈಯಲ್ಲಿ ಎಳೆಯೋ ಸ್ಕ್ಯಾನರೂ ಇಟ್ಕೊಂಡಿದ್ದೆ. ಅಗಲ ನಾಲ್ಕು ಇಂಚು ಚಿಲ್ರೆ, ಕೈ ಒಂಚೂರು ಓರೆಯಾದರೆ ಅಜ್ಜನ ಮೂಗು ಕಿವಿ ಕಡೆಗೆ. ಇಷ್ಟೆಲ್ಲ ಯಾಕೆ ಕಷ್ಟಪಟ್ಟೆ, ಸ್ಕ್ಯಾನರ್ ಸಾಕಿತ್ತಲ್ಲ ಅನ್ನೋರು ಅದನ್ನ ಎಳೆದು ನೋಡಿಲ್ಲ.

ಎನ್ಲಾರ್ಜರ್ ಕಂಬ ಈಗಲೂ ಇದೆ. ಹೋದ ವಾರ ಅದಕ್ಕೆ ಫೋನು ಕಟ್ಟಿ ಅದೇ ಆರತಕ್ಷತೆ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ‘ಹಳೇದರಲ್ಲೇ ಸೀರೆ ಚೆನ್ನಾಗಿತ್ತು ಕಣೋ’ ಅಂತ ಉತ್ತರ ಬಂತು.