ಗೆರೆ ಕೊರೆದ ರಾನ್ ಮರ್ಫಿ

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ನೃತ್ಯಸಂಗೀತ, ಡೆಟ್ರಾಯಿಟ್ ಟೆಕ್ನೋ ಎಂದೊಡನೆ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂರು ಹೆಸರುಗಳು ಕೇಳಿಬರುತ್ತವೆ. ಇನ್ನಷ್ಟು ಆಳಕ್ಕಿಳಿದವರು ಜೆಫ್ ಮಿಲ್ಸ್, ಮೈಕ್ ಬ್ಯಾಂಕ್ಸ್ ಅವರನ್ನೂ ಸೇರಿಸುತ್ತಾರೆ. 2008ರಲ್ಲಿ ತೀರಿಕೊಂಡ ರಾನ್ ಮರ್ಫಿ ಅವರನ್ನು ಈ ಸಾಲಿನಲ್ಲಿ ನಿಲ್ಲಿಸುವವರು ಕಡಿಮೆ. ನನ್ನ ಮಟ್ಟಿಗೆ ಅವರ ಸ್ಥಾನ ಅಲ್ಲೇ.

ಮರ್ಫಿ ಅವರ ವಾದ್ಯವೆಂದರೆ ಲೇತ್, ಅಂದರೆ ಗ್ರಾಮಫೋನ್ ರೆಕಾರ್ಡಿನ ಗೆರೆ ಕೊರೆಯುವ ಯಂತ್ರ. ಡೆಟ್ರಾಯಿಟ್‌ನ ಹುಡುಗರು ಡ್ರಮ್ ಮಷೀನು, ಸಿಂಥಸೈಜರುಗಳಲ್ಲಿ ಕಟ್ಟಿ ಟೇಪಿನಲ್ಲಿ ತಂದ ಸಂಗೀತವನ್ನು, ಅಲ್ಯೂಮಿನಿಯಂ ತಟ್ಟೆಯ ಮೇಲಿನ ಮೆತ್ತನೆಯ ಲೇಪದಲ್ಲಿ ಗೆರೆಯಾಗಿ ಕೊರೆದುಕೊಡುವುದು ಅವರ ಕಸುಬಾಗಿತ್ತು. ಕೇಳಲು ಯಾಂತ್ರಿಕವೆನಿಸುವ ಈ ಕೆಲಸದಲ್ಲಿ ತೀರ್ಮಾನಗಳೇ ಹೆಚ್ಚು. ಮಂದ್ರದ ನಾದವನ್ನು ಜೋರಾಗಿ ಕೊರೆದಷ್ಟೂ ಗೆರೆ ಅಗಲಕ್ಕೆ ಓಲಾಡಿ ಜಾಗ ತಿನ್ನುತ್ತದೆ, ಅಂದರೆ ತಟ್ಟೆಯಲ್ಲಿ ಹಿಡಿಸುವ ನಿಮಿಷಗಳು ಕಡಿಮೆಯಾಗುತ್ತವೆ. ಅದೇ ನಾದ ಎಡಬಲ ಕಿವಿಗಳಲ್ಲಿ ಬೇರೆ ಬೇರೆಯಾಗಿದ್ದರೆ ಗೆರೆಯ ಆಳ ಏರುಪೇರಾಗಿ ಮುಳ್ಳು ಹಾರುತ್ತದೆ. ತಟ್ಟೆಯ ನಡುವಿನ ಲೇಬಲ್‌ಗೆ ಹತ್ತಿರವಾದಂತೆ ಸುತ್ತು ಚಿಕ್ಕದಾಗಿ ಮೇಲಿನ ಸ್ವರಗಳು ಒಡೆಯುತ್ತವೆ. ಕೊರೆದದ್ದನ್ನು ಅಳಿಸುವಂತಿಲ್ಲ, ಕೈ ತಪ್ಪಿದರೆ ಹೊಸ ತಟ್ಟೆಯೇ ಬೇಕು.

ಎಲ್ಲ ಊರುಗಳಲ್ಲೂ ಇಂಥ ಕುಶಲಕರ್ಮಿಗಳಿದ್ದರು, ಇವರಲ್ಲೇನು ವಿಶೇಷ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮರ್ಫಿ ಕೊರೆದುಕೊಟ್ಟ, ಮಿಲ್ಸ್ ಅವರ ‘ಸೈಕಲ್ 30’ ಎಂಬ 1994ರ ರೆಕಾರ್ಡೇ ಅದಕ್ಕೆ ನನ್ನ ಉತ್ತರ. ಅದರ ಒಂದು ಮಗ್ಗುಲಲ್ಲಿ ಎಂಟು ಮುಚ್ಚಿದ ಗೆರೆಗಳಿವೆ: ಒಳಕ್ಕೆ ಸಾಗುವ ಸುರುಳಿಯ ಬದಲು ತನ್ನಲ್ಲಿಗೇ ಮರಳುವ ವೃತ್ತಗಳು, ಯಾರಾದರೂ ಮುಳ್ಳನ್ನು ಎತ್ತುವ ತನಕ ನಿಲ್ಲದವು. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು ತಿರುಗುವುದರಿಂದ ಒಂದು ಸುತ್ತಿಗೆ 1.8 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನಾಲ್ಕು ಪೆಟ್ಟು ಕೂರಬೇಕಾದರೆ ನಿಮಿಷಕ್ಕೆ 133.33 ಪೆಟ್ಟುಗಳೇ ಆಗಬೇಕು. ಕಾಲಪ್ರಮಾಣವನ್ನು ತಿರುಗುವ ತಟ್ಟೆಯೇ ಗೊತ್ತುಮಾಡಿಬಿಡುತ್ತದೆ! ವೃತ್ತದ ತುದಿಗಳು ಕೂದಲೆಳೆಯಷ್ಟು ತಪ್ಪಿದರೂ ಪ್ರತಿ ಸುತ್ತಿಗೊಮ್ಮೆ ಲಯ ಎಡವುತ್ತದೆ. ಇದು ಮರ್ಫಿ ಅವರ ಆವಿಷ್ಕಾರವೇನಲ್ಲ. ಪ್ಯಾರಿಸ್‌ನಲ್ಲಿ ಸಂಗೀತ ಸಂಯೋಜಕ ಪಿಯೇರ್ ಶೆಫರ್ 1948ರಲ್ಲೇ ಮುಚ್ಚಿದ ಗೆರೆಯೊಡನೆ ಪ್ರಯೋಗ ನಡೆಸಿದ್ದರು. ಆದರೆ ಅದನ್ನು ನೃತ್ಯದ ತಾಳಕ್ಕೆ ಅಳೆದು ಕೂರಿಸಲು ಮಿಲ್ಸ್ ಅವರ ಕಲ್ಪನೆಯಷ್ಟೇ ಮರ್ಫಿ ಅವರ ಕೈಯೂ ಬೇಕಾಯಿತು. ಒಳಗಿನಿಂದ ಹೊರಕ್ಕೆ ಸಾಗುವ ರೆಕಾರ್ಡುಗಳನ್ನೂ ಅವರು ಕೊರೆದರು.

ಅವರು ಕೊರೆದ ರೆಕಾರ್ಡುಗಳಲ್ಲಿ ಗೆರೆ ಮುಗಿದು ಲೇಬಲ್ ಆರಂಭವಾಗುವ ಬರಿಯ ಪಟ್ಟಿಯಲ್ಲಿ, ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ‘ಎನ್‌ಎಸ್‌ಸಿ’ ಎಂಬ ಗೀಚು ಕಾಣುತ್ತದೆ. ಅದು ಅವರ ನ್ಯಾಷನಲ್ ಸೌಂಡ್ ಕಾರ್ಪೊರೇಷನ್‌ನ ಗುರುತು. ಅದೇ ಸಂಗೀತವನ್ನು ಫೋನಿನಲ್ಲಿ ಕೇಳುವವರಿಗೆ ಈ ಗೀಚೂ ಇಲ್ಲ, ಆ ವೃತ್ತವೂ ಇಲ್ಲ; ಫೈಲಿಗೆ ಎಲ್ಲೋ ಒಂದು ಕಡೆ ಕೊನೆ ಇರಲೇಬೇಕಲ್ಲ.