ಸುವರ್ಣ ಮಹೋತ್ಸವಕ್ಕೆ ಸಣ್ಣ ಕೇಕು

2023ರ ಮೇ 5. ಮ್ಯಾಡ್ರಿಡ್ ಓಪನ್ ನಡೆಯುತ್ತಿತ್ತು. ಅವತ್ತು ಇಬ್ಬರ ಹುಟ್ಟುಹಬ್ಬ. ಕಾರ್ಲೋಸ್ ಅಲ್ಕರಾಜ್‌ಗೆ 20 ತುಂಬಿತು, ಅರಿನಾ ಸಬಲೆಂಕಾಗೆ 25. ಆತ ಗಂಡಸರ ಪಟ್ಟಿಯಲ್ಲಿ ಎರಡನೇ ನಂಬರ್, ಆಕೆ ಹೆಂಗಸರ ಪಟ್ಟಿಯಲ್ಲಿ ಎರಡನೇ ನಂಬರ್. ಆ ವಾರಾಂತ್ಯ ಅಲ್ಲಿ ಕಪ್ ಎತ್ತಿದವರೂ ಅವರಿಬ್ಬರೇ. ಎಲ್ಲವೂ ಹೀಗೆ ಸರಿಸಮ ಇದ್ದುಬಿಟ್ಟರೆ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ಜನರಿಗೆ ಹೇಗೆ ಗೊತ್ತಾಗಬೇಕು? ಸಂಘಟಕರು ಯೋಚನೆ ಮಾಡಿರಬೇಕು. ಆತನಿಗೆ ಭರ್ಜರಿ ಕೇಕು ಬಂತು, ಆಕೆಗೆ ಪುಟ್ಟದೊಂದು ಬಂತು. ಎರಡರ ಫೋಟೋನೂ ಅಕ್ಕಪಕ್ಕ ಇಟ್ಟು ಇಡೀ ಟೆನಿಸ್ ಲೋಕ ನೋಡಿತು.

ವಯಸ್ಸಿನ ಲೆಕ್ಕ ಹಿಡಿದರೂ 25ಕ್ಕೆ ಐದು ಮೇಣದಬತ್ತಿ ಜಾಸ್ತಿ ಬೇಕು, ಜಾಗ ಜಾಸ್ತಿ ಬೇಕು. ಹೋಗಲಿ ಬಿಡಿ. ಎಲ್ಲರೂ ಸೇರಿ ಸಂಘಟಕರನ್ನು ಬೈದರು, ನಾನು ಮಾತ್ರ ಅವರ ಪರ ವಕಾಲತ್ತು ವಹಿಸಲು ಕೂತಿದ್ದೇನೆ. ಪಾಪ, ಆ ವರ್ಷ ಅವರು ಪಟ್ಟ ಕಷ್ಟ ಯಾರಿಗೂ ಅರ್ಥ ಆಗಲಿಲ್ಲ. 2023 ಅಂದರೆ ಸುಮ್ನೆ ಇನ್ನೊಂದು ಸೀಸನ್ ಅಲ್ಲ, ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎಗೆ ಐವತ್ತು ವರ್ಷ. 1973ರಲ್ಲಿ ಲಂಡನ್ನಿನ ಗ್ಲೌಸ್ಟರ್ ಹೋಟೆಲಿನಲ್ಲಿ ಬಿಲ್ಲಿ ಜೀನ್ ಕಿಂಗ್ ಆಟಗಾರ್ತಿಯರನ್ನೆಲ್ಲ ಒಂದು ರೂಮಿಗೆ ಕರೆದು, ಸಂಘ ಹುಟ್ಟುವ ತನಕ ಯಾರೂ ಹೊರಗೆ ಹೋಗದ ಹಾಗೆ ಬಾಗಿಲಿಗೆ ಬೆಟ್ಟಿ ಸ್ಟೋವ್ ಅವರನ್ನು ಕಾವಲು ನಿಲ್ಲಿಸಿದ್ದರು. ಅದೇ ವರ್ಷ ಯುಎಸ್ ಓಪನ್ ಗಂಡಸರಿಗೂ ಹೆಂಗಸರಿಗೂ ಒಂದೇ ಬಹುಮಾನ ಕೊಟ್ಟಿತು. ಅಂಥ ಸಂಘಕ್ಕೆ ಸುವರ್ಣ ಮಹೋತ್ಸವ. ಏನಾದರೂ ವಿಶೇಷ ಮಾಡಬೇಡವೇ?

ಮ್ಯಾಡ್ರಿಡ್‌ನವರು ಮಾಡಿದರು. ಮುಖ್ಯ ಕೋರ್ಟಿನಲ್ಲಿ ಗಂಡಸರ ಪಂದ್ಯಕ್ಕೆ ಚೆಂಡು ಹೆಕ್ಕಿಕೊಡಲು ಮಾಡೆಲ್‌ಗಳನ್ನು ನಿಲ್ಲಿಸಿದರು, ಹೊಟ್ಟೆ ಕಾಣುವ ಟಾಪು, ಗಿಡ್ಡ ಸ್ಕರ್ಟು. ಚೆಂಡು ಹೆಕ್ಕಲು ಹೊಟ್ಟೆಗೆ ಗಾಳಿ ಬೇಕೇ ಬೇಕು, ಬಗ್ಗಿ ನೋಡಿದವರಿಗೆ ಗೊತ್ತು. ಟೀಕೆ ಜೋರಾದ ಮೇಲೆ ಫೈನಲ್ ದಿನ ಬಟ್ಟೆ ಉದ್ದವಾಯಿತು. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಅದೇ ಭಾನುವಾರ ಮಹಿಳಾ ಡಬಲ್ಸ್ ಫೈನಲ್. ವಿಕ್ಟೋರಿಯಾ ಅಜರೆಂಕಾ, ಬಿಯಾಟ್ರಿಜ್ ಹದ್ದಾದ್ ಮಾಯಾ ಗೆದ್ದರು, ಕೊಕೊ ಗಾಫ್, ಜೆಸ್ಸಿಕಾ ಪೆಗುಲಾ ಸೋತರು. ಕಪ್ ಕೊಟ್ಟರು, ಫೋಟೋ ಹೊಡೆದರು, ಮುಗೀತು. ಮೈಕ್ ಬರಲೇ ಇಲ್ಲ. ನಾಲ್ವರಲ್ಲಿ ಒಬ್ಬರಿಗೂ ಒಂದು ಥ್ಯಾಂಕ್ಸ್ ಹೇಳುವ ಅವಕಾಶ ಇಲ್ಲ. ಗಂಡಸರ ಡಬಲ್ಸ್‌ನವರಿಗೆ ಮೈಕ್ ಸಿಕ್ಕಿತ್ತು, ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಸೋತ ಫೈನಲ್ ಅದು.

ಇಲ್ಲೂ ನಾನು ಸಂಘಟಕರ ಪರ. ಈ ಹೆಂಗಸರು ಎರಡು ವಾರದಿಂದ ಕೇಕು, ಬಟ್ಟೆ ಎಲ್ಲ ನೋಡಿದ್ದಾರೆ, ಕೈಗೆ ಮೈಕ್ ಕೊಟ್ಟರೆ ಏನು ಹೇಳಿಬಿಡುತ್ತಾರೋ ಅಂತ ಭಯ ಇರುವುದಿಲ್ಲವೇ? ಪೆಗುಲಾ ಅವರ ಅಪ್ಪ ಅಮ್ಮ ಅಮೆರಿಕದ ಬಫಲೋ ಬಿಲ್ಸ್ ಫುಟ್‌ಬಾಲ್ ತಂಡದ ಒಡೆಯರು, ಇಡೀ ತಂಡವನ್ನೇ ಕೊಂಡ ಮನೆತನ. ಅವರ ಮಗಳಿಗೂ ಮ್ಯಾಡ್ರಿಡ್‌ನಲ್ಲಿ ಎರಡು ನಿಮಿಷಕ್ಕೆ ಒಂದು ಮೈಕ್ ಸಿಗಲಿಲ್ಲ. ಅಮ್ಮ ಯಾಕೆ ನನಗೆ ಹಾಯ್ ಹೇಳಲಿಲ್ಲ ಅಂದರೆ ಮಗನಿಗೆ ಏನು ಹೇಳಲಿ ಅಂತ ಅಜರೆಂಕಾ ಸೋಷಿಯಲ್ ಮೀಡಿಯಾದಲ್ಲಿ ಬೇಜಾರು ತೋಡಿಕೊಂಡರು. ಕೆಲವು ದಿನ ಬಿಟ್ಟು ಸಂಘಟಕರ ಕ್ಷಮಾಪಣೆ ಬಂತು. ಅಂದರೆ ಅವರ ಕಡೆ ಮೈಕ್ ಕೆಲಸ ಮಾಡುತ್ತಿತ್ತು.

ಮ್ಯಾಡ್ರಿಡ್ ಆದ ಮೇಲೆ ರೋಮ್. ಅಲ್ಲಿ ಗಂಡಸರು, ಹೆಂಗಸರು ಒಂದೇ ಊರು, ಒಂದೇ ಕೋರ್ಟು, ಒಂದೇ ಕೆಂಪು ಮಣ್ಣು. ಬಹುಮಾನದ ಮೊತ್ತ ಮಾತ್ರ ಗಂಡಸರಿಗೆ ಕೊಟ್ಟಿದ್ದರ ಅರ್ಧವೂ ಹೆಂಗಸರಿಗೆ ಇರಲಿಲ್ಲ. ಎಲೆನಾ ರಿಬಾಕಿನಾ ಮತ್ತು ಅನ್ಹೆಲಿನಾ ಕಲಿನಿನಾ ಅವರ ಫೈನಲ್ ಶನಿವಾರ ಇತ್ತು. ಮಳೆ ಬಂತು, ಗಂಡಸರ ಸೆಮಿಫೈನಲ್ ಎಳೆಯಿತು, ಹೆಂಗಸರ ಫೈನಲ್ ಕಾಯಿತು. ಸೆಮಿಫೈನಲ್ ದೊಡ್ಡದೋ ಫೈನಲ್ ದೊಡ್ಡದೋ ಅಂತ ಕೇಳಬೇಡಿ, ಅದು ಯಾರ ಸೆಮಿಫೈನಲ್ ಅನ್ನುವುದರ ಮೇಲೆ ಹೋಗುತ್ತದೆ. ಫೈನಲ್ ಶುರುವಾಗುವ ಹೊತ್ತಿಗೆ ರಾತ್ರಿ 11ರ ಆಸುಪಾಸು. ಕಲಿನಿನಾ ಗಾಯದಿಂದ ಎರಡನೇ ಸೆಟ್ಟಿನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಬಹುಮಾನ ಕೊಡುವಾಗ ಮಧ್ಯರಾತ್ರಿ ಆಗಿತ್ತು, ಸ್ಟೇಡಿಯಂನಲ್ಲಿ ಜನರಿಗಿಂತ ಕುರ್ಚಿ ಜಾಸ್ತಿ ಕಾಣುತ್ತಿತ್ತು.

ಇದನ್ನು ಓದಿ ನಿಮಗೆ ಅನುಮಾನ ಬರಬಹುದು. ಹೆಂಗಸರ ಪಂದ್ಯವನ್ನು ರಾತ್ರಿ ಇಡಲು ಇವರಿಗೆ ಇಷ್ಟವೇ ಹಾಗಾದರೆ? ಇಲ್ಲ ಇಲ್ಲ. ಮಳೆ ಬಂದು ಬೇರೆ ದಾರಿ ಇಲ್ಲದಿದ್ದರೆ ಮಾತ್ರ ರಾತ್ರಿ. ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ರಾತ್ರಿ ಪಂದ್ಯಕ್ಕೆ ಬೇರೆ ಟಿಕೆಟ್ಟು, ಬೇರೆ ಟಿವಿ ಹಕ್ಕು, ಬೇರೆ ಗತ್ತು. 2023ರಲ್ಲಿ ಅಂಥ ಹತ್ತು ರಾತ್ರಿ ಇದ್ದವು, ಹೆಂಗಸರಿಗೆ ಸಿಕ್ಕಿದ್ದು ಒಂದು. ಅದಕ್ಕೆ ಹಿಂದಿನ ವರ್ಷವೂ ಒಂದೇ. ಆ ವರ್ಷ ಟೂರ್ನಿಯ ನಿರ್ದೇಶಕಿ ಗಂಡಸರ ಟೆನಿಸ್‌ಗೇ ಸದ್ಯಕ್ಕೆ ಆಕರ್ಷಣೆ ಜಾಸ್ತಿ ಅಂದಿದ್ದರು. ನಿರ್ದೇಶಕಿ ಯಾರು ಅಂದರೆ ಅಮೆಲಿ ಮೊರೆಸ್ಮೊ. ಸ್ವತಃ ವಿಶ್ವದ ನಂಬರ್ ಒನ್ ಆಗಿದ್ದವರು, ಹೆಂಗಸರ ಪಟ್ಟಿಯಲ್ಲೇ.

ಹೆಂಗಸರ ಪಂದ್ಯ ಹೆಚ್ಚೆಂದರೆ ಮೂರು ಸೆಟ್ಟು, ಗಂಡಸರದು ಐದು, ಬೇಗ ಮುಗಿದರೆ ರಾತ್ರಿಯ ಟಿಕೆಟ್ಟಿಗೆ ದುಡ್ಡು ಕೊಟ್ಟವರಿಗೆ ಮೋಸ ಆಗುತ್ತದೆ ಅನ್ನುವುದು ಇನ್ನೊಂದು ವಾದ. ಒಳ್ಳೆ ವಾದ. 2023ರಲ್ಲಿ ಅಲ್ಲೇ ಕರೋಲಿನಾ ಮುಖೋವಾ ಸೆಮಿಫೈನಲ್‌ನಲ್ಲಿ ಸಬಲೆಂಕಾ ವಿರುದ್ಧ ಮೂರನೇ ಸೆಟ್ಟಿನಲ್ಲಿ 2-5 ಹಿಂದೆ ಬಿದ್ದು, ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಮೂರು ಗಂಟೆಗೂ ಮೀರಿ ಆಡಿ ಗೆದ್ದರು. ಹಾಡಹಗಲಲ್ಲಿ. ರಾತ್ರಿ ಬಂದಿದ್ದರೆ ಇಷ್ಟು ಹೊತ್ತು ಆಡುತ್ತಿದ್ದರೇ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ನಾನು ಬರೀ ವಕೀಲ.

ವಿಂಬಲ್ಡನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವರು ಆ ವರ್ಷ ಕ್ರಾಂತಿ ಮಾಡಿದರು. ಬಿಳಿ ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ಹಾಕಿಕೊಳ್ಳಲು ಹೆಂಗಸರಿಗೆ ಮೊದಲ ಸಲ ಅನುಮತಿ ಕೊಟ್ಟರು. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆ ತೊಟ್ಟು ಸಾವಿರಾರು ಜನರ ಮುಂದೆ ಓಡುವುದು ಕಷ್ಟ ಅನ್ನುವ ವಿಷಯ ಆ ಕ್ಲಬ್ಬಿಗೆ ತಲುಪಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಂಚೆ ನಿಧಾನ ಇರಬೇಕು.

ಇನ್ನು ದುಡ್ಡಿನ ವಿಷಯ. ಮಾರ್ಚ್‌ನಲ್ಲಿ ಸಿವಿಸಿ ಅನ್ನುವ ಹೂಡಿಕೆ ಕಂಪನಿ 15 ಕೋಟಿ ಡಾಲರ್ ಹಾಕಿ ಡಬ್ಲ್ಯುಟಿಎಯ ವ್ಯಾಪಾರದಲ್ಲಿ ಶೇ 20 ಪಾಲು ತೆಗೆದುಕೊಂಡಿತು. ಜೂನ್‌ನಲ್ಲಿ ದೊಡ್ಡ ಘೋಷಣೆ ಬಂತು: ಸಮಾನ ಬಹುಮಾನ ಕೊಟ್ಟೇ ಕೊಡುತ್ತೇವೆ. ಗಂಡಸರ ಜೊತೆ ಒಂದೇ ಕಡೆ ನಡೆಯುವ ದೊಡ್ಡ ಟೂರ್ನಿಗಳಲ್ಲಿ 2027ರ ಹೊತ್ತಿಗೆ, ಬೇರೆಬೇರೆ ಕಡೆ ನಡೆಯುವವುಗಳಲ್ಲಿ 2033ರ ಹೊತ್ತಿಗೆ. 1973ಕ್ಕೆ ಯುಎಸ್ ಓಪನ್ ಒಂದೇ ಏಟಿಗೆ ಮಾಡಿದ ಕೆಲಸಕ್ಕೆ ಇವರು ಅರವತ್ತು ವರ್ಷ ಹಿಡಿಸಿಕೊಳ್ಳುತ್ತಿದ್ದಾರೆ ಅಂತ ಕೆಲವರು ಕುಹಕ ಆಡಿದರು. ಅವಸರ ಮಾಡಿದರೆ ಕೆಲಸ ಕೆಡುತ್ತದೆ, ಅಲ್ವಾ? ಆ ಬೇಸಿಗೆ ವಿಂಬಲ್ಡನ್‌ನಲ್ಲಿ ನಾಲ್ಕನೇ ಸುತ್ತು ಮುಟ್ಟಿದ ಮಿರ‍್ರಾ ಆಂಡ್ರೀವಾಗೆ ಆಗ 16 ವರ್ಷ. 2033ಕ್ಕೆ 26 ಆಗುತ್ತದೆ. ಇನ್ನೂ ಆಡುವ ವಯಸ್ಸೇ, ಯಾಕೆ ಚಿಂತೆ?

ಗಮನಿಸಿ, ಹತ್ತು ವರ್ಷ ಮುಂದಿನ ಲೆಕ್ಕ ಜೂನ್‌ನಲ್ಲೇ ಪಕ್ಕಾ ಇತ್ತು. ಅದೇ ಜೂನ್‌ನಲ್ಲಿ, ಅಕ್ಟೋಬರ್ ಕೊನೆಗೆ ನಡೆಯಬೇಕಾದ ಡಬ್ಲ್ಯುಟಿಎ ಫೈನಲ್ಸ್ ಯಾವ ಊರಿನಲ್ಲಿ ಅನ್ನುವುದು ಮಾತ್ರ ಇನ್ನೂ ಪ್ರಕಟವಾಗಿರಲಿಲ್ಲ.

ವರ್ಷದ ಅಗ್ರ ಎಂಟು ಆಟಗಾರ್ತಿಯರು ಆಡುವ ಸೀಸನ್ನಿನ ಕೊನೆಯ ದೊಡ್ಡ ಹಬ್ಬ ಅದು. ಲಗ್ನಪತ್ರಿಕೆ ಹಂಚಿ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟು, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಛತ್ರ ಹುಡುಕಲು ಹೊರಟ ಬೀಗರ ಹಾಗೆ ಡಬ್ಲ್ಯುಟಿಎ ಊರೂರು ಅಲೆಯಿತು. ಇದಕ್ಕೆ ಹಿನ್ನೆಲೆ ಇದೆ. 2019ರಿಂದ ಹತ್ತು ವರ್ಷ ಚೀನಾದ ಶೆನ್ಜೆನ್‌ನಲ್ಲಿ ಅಂತ ಒಪ್ಪಂದ ಆಗಿತ್ತು. ಮೊದಲ ವರ್ಷ 1.4 ಕೋಟಿ ಡಾಲರ್ ಬಹುಮಾನ, ಗಂಡಸರ ಫೈನಲ್ಸ್‌ಗಿಂತ ಜಾಸ್ತಿ. ಆಮೇಲೆ ಕೋವಿಡ್ ಬಂತು. 2021ರ ನವೆಂಬರ್‌ನಲ್ಲಿ ಚೀನಾದ ಆಟಗಾರ್ತಿ ಪೆಂಗ್ ಶುಯಿ ಅಲ್ಲಿನ ಮಾಜಿ ಉಪಪ್ರಧಾನಿಯ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿ ಕಣ್ಮರೆಯಾದರು, ಡಬ್ಲ್ಯುಟಿಎ ಚೀನಾದ ಟೂರ್ನಿಗಳನ್ನೆಲ್ಲ ನಿಲ್ಲಿಸಿತು. ಇದರಲ್ಲಿ ವಿಡಂಬನೆ ಮಾಡಲು ಏನೂ ಇಲ್ಲ, ಆಟದ ಸಂಸ್ಥೆಯೊಂದು ಅಷ್ಟು ದುಡ್ಡು ಬಿಟ್ಟು ಎದ್ದು ನಿಂತಿದ್ದು ನಾನು ನೋಡಿದ್ದು ಕಡಿಮೆ. ವಿಡಂಬನೆ ಬಂದಿದ್ದು 2023ರ ಏಪ್ರಿಲ್‌ನಲ್ಲಿ. ಪೆಂಗ್ ವಿಷಯದಲ್ಲಿ ನಾವು ಕೇಳಿದ ಯಾವುದಕ್ಕೂ ಚೀನಾ ಒಪ್ಪಲಿಲ್ಲ, ಆದ್ದರಿಂದ ವಾಪಸ್ ಹೋಗುತ್ತಿದ್ದೇವೆ ಅಂದರು. ಆ ‘ಆದ್ದರಿಂದ’ಕ್ಕೆ ಒಂದು ಟ್ರೋಫಿ ಕೊಡಬಹುದು.

ಸೆಪ್ಟೆಂಬರ್ 7ಕ್ಕೆ ಊರು ಗೊತ್ತಾಯಿತು: ಮೆಕ್ಸಿಕೋದ ಕ್ಯಾನ್‌ಕುನ್. ಕಡಲ ದಂಡೆ, ರೆಸಾರ್ಟು, ಚೆಂದದ ಜಾಗ. ಅಕ್ಟೋಬರ್ ಅಲ್ಲಿ ಮಳೆ ಅತಿ ಹೆಚ್ಚು ಸುರಿಯುವ ತಿಂಗಳು, ಚಂಡಮಾರುತದ ಸೀಸನ್ ನವೆಂಬರ್ ಕೊನೆತನಕ ಇರುತ್ತದೆ. ಹಾಗಾಗಿ ಸೂರಿಲ್ಲದ ಸ್ಟೇಡಿಯಂ ಕಟ್ಟೋಣ ಅಂತ ತೀರ್ಮಾನ ಆಯಿತು. ರೆಸಾರ್ಟಿನ ಜಾಗದಲ್ಲೇ, ತಾತ್ಕಾಲಿಕವಾಗಿ. ಆಟಗಾರ್ತಿಯರು ಬಂದಿಳಿದರೂ ಕೆಲಸ ಮುಗಿದಿರಲಿಲ್ಲ, ಮುಖ್ಯ ಕೋರ್ಟಿನಲ್ಲಿ ಪ್ರಾಕ್ಟೀಸಿಗೆ ಸಿಕ್ಕಿದ್ದು ಟೂರ್ನಿಯ ಹಿಂದಿನ ದಿನ. (2008ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸೆರೆನಾ ವಿಲಿಯಮ್ಸ್ ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್‌ರನ್ನು ಸೋಲಿಸಿ ಕಪ್ ಗೆದ್ದರು. ನಮ್ಮ ಊರಿನ ಬಗ್ಗೆ ನೂರು ದೂರು ಹೇಳಬಹುದು, ಆದರೆ ಆಟಗಾರ್ತಿಯರು ಬರುವ ಮೊದಲೇ ಕೋರ್ಟು ಅಲ್ಲಿತ್ತು.)

ಚೆಂಡು ಎಲ್ಲೆಲ್ಲೋ ಪುಟಿಯಿತು. ಗಾಳಿಗೆ ಸರ್ವ್ ಹಾರಿಹೋಯಿತು. ಮಳೆಗೆ ಪಂದ್ಯ ನಿಂತು ನಿಂತು ನಡೆಯಿತು. ಸಂಸ್ಥೆ ನಮಗೆ ಮರ್ಯಾದೆ ಕೊಟ್ಟಿಲ್ಲ, ಈ ಕೋರ್ಟಿನಲ್ಲಿ ಆಡಿದರೆ ಗಾಯ ಆಗುವ ಭಯ ಅಂತ ಸಬಲೆಂಕಾ ನೇರವಾಗಿಯೇ ಬರೆದರು. ಆಗ ಆಕೆ ನಂಬರ್ ಒನ್. ಅಧ್ಯಕ್ಷ ಸ್ಟೀವ್ ಸೈಮನ್ ಆಟಗಾರ್ತಿಯರಿಗೆ ಪತ್ರ ಬರೆದು, ನಿಮಗೆ ಖುಷಿಯಾಗಿಲ್ಲ ಅಂತ ಗೊತ್ತು, ನಿಮ್ಮ ಮಾತು ಕೇಳಿಸಿದೆ ಅಂದರು. ಆ ಗಾಳಿಯಲ್ಲಿ ಕೇಳಿಸಿದ್ದೇ ದೊಡ್ಡದು.

ಶನಿವಾರ ಶುರುವಾದ ಪೋಲೆಂಡಿನ ಇಗಾ ಸ್ವಿಯಾಟೆಕ್ ಮತ್ತು ಸಬಲೆಂಕಾ ಸೆಮಿಫೈನಲ್ ಮೂರು ಗೇಮ್ ಆಗುವಷ್ಟರಲ್ಲಿ ಮಳೆಗೆ ನಿಂತು ಭಾನುವಾರ ಮುಗಿಯಿತು. ಭಾನುವಾರದ ಫೈನಲ್ ಸೋಮವಾರಕ್ಕೆ ಹೋಯಿತು. ಸ್ವಿಯಾಟೆಕ್ ಪೆಗುಲಾ ಅವರನ್ನು 6-1, 6-0ರಿಂದ ಸೋಲಿಸಿ, ಒಂದು ಗಂಟೆಯೊಳಗೆ ಮುಗಿಸಿ, ಕಪ್ ಜೊತೆ ನಂಬರ್ ಒನ್ ಪಟ್ಟವನ್ನೂ ಎತ್ತಿಕೊಂಡು ಹೋದರು. ಮತ್ತೆ ಮಳೆ ಬರುವ ಮೊದಲು ಮುಗಿಸಬೇಕು ಅಂತ ಅವಸರ ಇತ್ತೋ ಏನೋ. ಮಾರನೇ ದಿನವೇ, ಮಂಗಳವಾರ, ಸ್ಪೇನಿನ ಸೆವಿಯಾದಲ್ಲಿ ದೇಶ ದೇಶಗಳ ಬಿಲ್ಲಿ ಜೀನ್ ಕಿಂಗ್ ಕಪ್ ಫೈನಲ್ಸ್ ಶುರು. ನಡುವೆ ಅಟ್ಲಾಂಟಿಕ್ ಸಾಗರ ಇದೆ ಅನ್ನುವುದು ಆ ಟೂರ್ನಿ ನಡೆಸುವ ಸಂಸ್ಥೆಗೆ ಗೊತ್ತಿತ್ತು, ಡಬ್ಲ್ಯುಟಿಎಗೂ ಗೊತ್ತಿತ್ತು, ಪರಸ್ಪರ ಹೇಳಿಕೊಂಡಿರಲಿಲ್ಲ ಅಷ್ಟೇ. ಸ್ವಿಯಾಟೆಕ್ ಸೆವಿಯಾಗೆ ಬರುವುದಿಲ್ಲ ಅಂದರು. ಸಂಘ ಕಟ್ಟಿದ ಹೆಂಗಸಿನ ಹೆಸರಿನ ಕಪ್ಪಿಗೆ, ಸಂಘದ ಐವತ್ತನೇ ವರ್ಷದಲ್ಲಿ, ಸಂಘದ ನಂಬರ್ ಒನ್ ಆಟಗಾರ್ತಿ ಇಲ್ಲ.

ಗಂಡಸರ ಫೈನಲ್ಸ್ 2021ರಿಂದ 2025ರ ತನಕ ಇಟಲಿಯ ಟ್ಯೂರಿನ್‌ನಲ್ಲಿ ಅಂತ 2019ರಲ್ಲೇ ಹೇಳಿಬಿಟ್ಟಿದ್ದರು. ಎಂಥ ಬೋರು, ಯೋಚಿಸಿ. ಒಂದು ಚೂರೂ ಕುತೂಹಲ ಇಲ್ಲ. 2023ರಲ್ಲಿ ಅಲ್ಲಿ 1.5 ಕೋಟಿ ಡಾಲರ್ ಬಹುಮಾನ, ಕ್ಯಾನ್‌ಕುನ್‌ನಲ್ಲಿ 90 ಲಕ್ಷ. ಉಳಿದಿದ್ದನ್ನು ಮಳೆಯಾಗಿ ಕೊಟ್ಟರು.

ಮುಂದಿನ ವರ್ಷ ಪಾಠ ಕಲಿತರು. ಛತ್ರ ಸಿಕ್ಕಿತು, ಮೂರು ವರ್ಷಕ್ಕೆ ಬುಕ್ ಆಯಿತು. ಸೌದಿ ಅರೇಬಿಯಾದ ರಿಯಾದ್. ಹೆಂಗಸರು ಕಾರು ಓಡಿಸಲು 2018ರಲ್ಲಿ ಅನುಮತಿ ಕೊಟ್ಟ ದೇಶ. ಹಳೆಯ ಚಾಂಪಿಯನ್‌ಗಳಾದ ಕ್ರಿಸ್ ಎವರ್ಟ್, ಮಾರ್ಟಿನಾ ನವ್ರಾಟಿಲೋವಾ ಬೇಡ ಬೇಡ ಅಂತ ಪತ್ರಿಕೆಯಲ್ಲಿ ಬರೆದರು. ಆದರೆ ಬಹುಮಾನ ನೋಡಿ: 1.525 ಕೋಟಿ ಡಾಲರ್, ಆ ವರ್ಷ ಟ್ಯೂರಿನ್‌ನಲ್ಲಿ ಗಂಡಸರಿಗೆ ಇಟ್ಟಷ್ಟೇ, ಒಂದು ಡಾಲರ್ ಹೆಚ್ಚಿಲ್ಲ ಕಡಿಮೆಯಿಲ್ಲ. ಲಂಡನ್ನಿನ ಹೋಟೆಲಿನಲ್ಲಿ ಬಾಗಿಲು ಕಾಯ್ದು ಕೇಳಿದ ಸಮಾನತೆಯನ್ನು ಫೈನಲ್ಸ್‌ಗೆ ಇತ್ತೀಚೆಗೆ ಧಾರಾಳವಾಗಿ ಕೊಟ್ಟವರು ಒಮ್ಮೆ ಶೆನ್ಜೆನ್‌ನವರು, ಇನ್ನೊಮ್ಮೆ ರಿಯಾದ್‌ನವರು. ರೋಮ್, ಪ್ಯಾರಿಸ್‌ನವರಿಗೆ ಇದು ಗೊತ್ತಾಗಿರಬೇಕು, ಹಗಲು ಹೊತ್ತಿನಲ್ಲಿ ಪೇಪರ್ ಓದುತ್ತಾರಲ್ಲ.

ರಿಯಾದ್‌ನಲ್ಲಿ ಆಟ ಒಳಾಂಗಣದಲ್ಲಿ ನಡೆಯಿತು, ಮೇಲೆ ಸೂರು ಇತ್ತು, ಕೋರ್ಟು ಮೊದಲೇ ಸಿದ್ಧ ಇತ್ತು, ಗಾಳಿ ಇಲ್ಲ, ಮಳೆ ಇಲ್ಲ. ಮೊದಲ ದಿನಗಳಲ್ಲಿ ಜನವೂ ಇರಲಿಲ್ಲ.